‘ಮೆಸ್ಸಿ ಬಂದ, ಲೀಗ್ ಬೆಳೆಯಿತು’ ಎಂದು ಬರೆದವರಿಗೆ

ನಮಸ್ಕಾರ.

ಅಮೆರಿಕ ಮತ್ತು ಕೆನಡಾದ ವೃತ್ತಿಪರ ಫುಟ್‌ಬಾಲ್, ಮುಖ್ಯವಾಗಿ ಅಲ್ಲಿನ ಮೇಜರ್ ಲೀಗ್ ಸಾಕರ್, ಬಗ್ಗೆ ನೀವು ಕಳುಹಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತ ಶುದ್ಧವಾಗಿದೆ, ಕನ್ನಡದಲ್ಲಿ ಹೆಚ್ಚು ಜನ ಕೈಹಾಕದ ವಿಷಯ ಆರಿಸಿಕೊಂಡಿದ್ದೀರಿ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಅಷ್ಟು ಹೇಳಿ ಮುಗಿಸಬಹುದಿತ್ತು. ಎರಡು ಕಡೆ ನಿಮ್ಮ ಬರಹ ನನ್ನನ್ನು ನಿಜವಾಗಿಯೂ ಕೆರಳಿಸಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮಹಿಳಾ ಲೀಗಿನ ಭಾಗವನ್ನೂ ವಿಶ್ವಕಪ್‌ನ ಭಾಗವನ್ನೂ ಇಲ್ಲಿ ಮುಟ್ಟುವುದಿಲ್ಲ.

ನಿಮ್ಮ ಮೊದಲ ವಾಕ್ಯ: “2023ರ ಜುಲೈನಲ್ಲಿ ಮೆಸ್ಸಿ ಮಯಾಮಿಗೆ ಕಾಲಿಡುವವರೆಗೂ ಅಮೆರಿಕದಲ್ಲಿ ಫುಟ್‌ಬಾಲ್ ನೋಡುವವರೇ ಇರಲಿಲ್ಲ.”

ಮೆಸ್ಸಿ ಇಂಟರ್ ಮಯಾಮಿ ಪರ ಮೊದಲ ಪಂದ್ಯ ಆಡಿದ್ದು ಜುಲೈ 21ರಂದು. ಅದೇ ತಿಂಗಳ 4ನೇ ತಾರೀಕು ರೋಸ್ ಬೌಲ್ ಕ್ರೀಡಾಂಗಣದಲ್ಲಿ ಎಲ್‌ಎ ಗ್ಯಾಲಕ್ಸಿ ಮತ್ತು ಎಲ್‌ಎಎಫ್‌ಸಿ ನಡುವಿನ ಪಂದ್ಯಕ್ಕೆ 82,110 ಜನ ಸೇರಿದ್ದರು. ಮೇಜರ್ ಲೀಗ್ ಸಾಕರ್‌ನಲ್ಲಿ ಬೇರೆ ಪಂದ್ಯದ ಜತೆಯಿಲ್ಲದೆ ನಡೆದ ಒಂದೇ ಪಂದ್ಯಕ್ಕೆ ಅಷ್ಟು ಜನ ಅದಕ್ಕೂ ಮೊದಲು ಸೇರಿರಲಿಲ್ಲ. ಅದಕ್ಕೂ ಹಿಂದಿನ ವರ್ಷ, 2022ರ ಮಾರ್ಚ್‌ನಲ್ಲಿ, ಹೊಸ ತಂಡ ಷಾರ್ಲಟ್‌ನ ತವರಿನ ಮೊದಲ ಪಂದ್ಯಕ್ಕೆ 74,479 ಜನ ಬಂದಿದ್ದರು. ಅಟ್ಲಾಂಟಾ ಯುನೈಟೆಡ್ 2018ರಲ್ಲೇ ಪಂದ್ಯಕ್ಕೆ ಸರಾಸರಿ 53,000 ಜನರನ್ನು ಸೇರಿಸುತ್ತಿತ್ತು. ನಿಮ್ಮ ಲೇಖನ ನಿಂತಿರುವುದೇ ಈ ಮೊದಲ ವಾಕ್ಯದ ಮೇಲೆ, ಮತ್ತು ಅದು ಸುಳ್ಳು.

ಎರಡನೆಯ ವಾಕ್ಯ: “ಅಲ್ಲಿಯವರೆಗೆ ಲೀಗ್ ಕುಂಟುತ್ತಾ ಸಾಗಿತ್ತು.” ಕುಂಟಿದ್ದು ನಿಜ, ಆದರೆ ಯಾವಾಗ, ಏಕೆ? 1994ರ ವಿಶ್ವಕಪ್‌ನ ಬೆನ್ನಿಗೆ, 1996ರಲ್ಲಿ, 10 ತಂಡಗಳೊಂದಿಗೆ ಲೀಗ್ ಶುರುವಾಯಿತು. ಬಹುತೇಕ ತಂಡಗಳು ಅಮೆರಿಕನ್ ಫುಟ್‌ಬಾಲ್‌ಗೆ ಕಟ್ಟಿದ ದೈತ್ಯ ಕ್ರೀಡಾಂಗಣಗಳಲ್ಲಿ ಬಾಡಿಗೆಗೆ ಆಡುತ್ತಿದ್ದವು. ಅರವತ್ತು ಸಾವಿರ ಆಸನಗಳ ನಡುವೆ ಹದಿನೈದು ಸಾವಿರ ಜನ ಕುಳಿತರೆ ಟಿವಿಯಲ್ಲಿ ಖಾಲಿ ಕುರ್ಚಿಗಳೇ ಕಾಣುತ್ತವೆ. ಪಾರ್ಕಿಂಗ್, ತಿಂಡಿ, ಜಾಹೀರಾತು ಫಲಕಗಳ ಆದಾಯದ ದೊಡ್ಡ ಪಾಲು ಕ್ರೀಡಾಂಗಣದ ಒಡೆಯರಿಗೆ ಹೋಗುತ್ತದೆ, ಪಂದ್ಯದ ದಿನಾಂಕವೂ ಅವರ ಅನುಕೂಲಕ್ಕೆ ತಕ್ಕಂತೆ. 2001ರ ಋತು ಮುಗಿದ ಮೇಲೆ ಟ್ಯಾಂಪಾ ಬೇ ಮತ್ತು ಮಯಾಮಿಯ ಆಗಿನ ತಂಡಗಳನ್ನು ಮುಚ್ಚಿದರು. ಉಳಿದ 10 ತಂಡಗಳನ್ನು ಫಿಲ್ ಆ್ಯನ್‌ಷುಟ್ಝ್, ಲಾಮಾರ್ ಹಂಟ್, ರಾಬರ್ಟ್ ಕ್ರಾಫ್ಟ್ ಎಂಬ ಮೂವರೇ ಹೊತ್ತುಕೊಂಡರು. ಲೀಗ್ ಉಳಿದದ್ದು ಅವರು ನಷ್ಟ ತಡೆದುಕೊಂಡಿದ್ದರಿಂದ ಮತ್ತು ಸ್ವಂತ ಅಂಗಳಗಳು ಎದ್ದಿದ್ದರಿಂದ. ಕೊಲಂಬಸ್ ಕ್ರೂ 1999ರಲ್ಲೇ ಆ ದಾರಿ ತೋರಿಸಿತ್ತು. ಆಮೇಲೆ ಬಂದದ್ದು 2007: ಇಂಗ್ಲೆಂಡಿನ ತಾರೆ ಬೆಕಮ್, ಅವರಿಗಾಗಿ ಮಾಡಿದ, ವೇತನ ಮಿತಿ ಮೀರಿ ಸಂಬಳ ಕೊಡಲು ಬಿಡುವ ‘ಡೆಸಿಗ್ನೇಟೆಡ್ ಪ್ಲೇಯರ್’ ನಿಯಮ, ಮೊದಲ ಕೆನಡಾ ತಂಡ ಟೊರೊಂಟೊ. ಲೀಗಿಗೆ ಸೇರಲು ಟೊರೊಂಟೊ ಕೊಟ್ಟದ್ದು 1 ಕೋಟಿ ಡಾಲರ್. 2025ರಲ್ಲಿ 30ನೇ ತಂಡವಾಗಿ ಬಂದ ಸ್ಯಾನ್ ಡಿಯಾಗೊ ಕೊಟ್ಟದ್ದು 50 ಕೋಟಿ ಡಾಲರ್. ಬೆಳವಣಿಗೆ ಎಂದರೆ ಈ ಏಣಿ, ಇದರ ಒಂದು ಮೆಟ್ಟಿಲೂ ನಿಮ್ಮ ಬರಹದಲ್ಲಿಲ್ಲ.

ಒಬ್ಬ ತಾರೆ ಬಂದರೆ ಲೀಗ್ ಬೆಳೆಯುತ್ತದೆ ಎನ್ನುವ ಲೇಖನದಲ್ಲಿ ಪೆಲೆಯ ಹೆಸರೇ ಇಲ್ಲದಿರುವುದು ನನಗೆ ಅರ್ಥವಾಗಲಿಲ್ಲ. ಪೆಲೆ ನ್ಯೂಯಾರ್ಕ್ ಕಾಸ್ಮೋಸ್ ಸೇರಿದ್ದು 1975ರಲ್ಲಿ. 1977ರ ಆಗಸ್ಟ್‌ನಲ್ಲಿ ಆ ತಂಡದ ಒಂದು ಪಂದ್ಯಕ್ಕೆ 77,691 ಜನ. 1984ರ ಋತುವಿನ ನಂತರ ಕಾಸ್ಮೋಸ್ ಆಡುತ್ತಿದ್ದ ನಾರ್ತ್ ಅಮೆರಿಕನ್ ಸಾಕರ್ ಲೀಗೇ ಮುಚ್ಚಿಹೋಯಿತು. ಈಗಿನ ಲೀಗಿನವರು ಆಟಗಾರರ ಗುತ್ತಿಗೆಯನ್ನು ಕ್ಲಬ್‌ಗಳ ಕೈಗೆ ಬಿಡದೆ ಲೀಗಿನ ಹೆಸರಿನಲ್ಲೇ ಮಾಡಿಕೊಂಡದ್ದು, ವೇತನಕ್ಕೆ ಮಿತಿ ಹಾಕಿದ್ದು, ಎಲ್ಲವೂ ಆ ಕುಸಿತ ಕಂಡ ಭಯದಿಂದ. ಮೆಸ್ಸಿಯಿಂದ ಏನೂ ಆಗಿಲ್ಲ ಎನ್ನುತ್ತಿಲ್ಲ. 2024ರ ಏಪ್ರಿಲ್‌ನಲ್ಲಿ ಕ್ಯಾನ್ಸಸ್ ಸಿಟಿ ತಂಡ ತನ್ನ ಚಿಕ್ಕ ಅಂಗಳ ಬಿಟ್ಟು ಆ್ಯರೋಹೆಡ್‌ನಲ್ಲಿ ಮಯಾಮಿ ವಿರುದ್ಧ ಆಡಿದಾಗ 72,610 ಜನ ಬಂದರು, ಆ ಲೆಕ್ಕ ಪೂರ್ತಿ ಮೆಸ್ಸಿಯದೇ. ಆದರೆ ನೀವು ಮೆಸ್ಸಿಯ ಖಾತೆಗೆ ಹಾಕಿದ ಆ್ಯಪಲ್ ಪ್ರಸಾರ ಒಪ್ಪಂದ, 10 ವರ್ಷದ್ದು, ಘೋಷಣೆಯಾದದ್ದು 2022ರ ಜೂನ್‌ನಲ್ಲಿ, ಅವರು ಬರುವುದಕ್ಕೆ ಒಂದು ವರ್ಷ ಮೊದಲು.

ಈಗ ನನ್ನನ್ನು ಇನ್ನೂ ಹೆಚ್ಚು ಕಾಡಿದ ಭಾಗ. “ವರ್ಷಕ್ಕೆ 1.1 ಕೋಟಿ ಜನ ಪಂದ್ಯ ನೋಡುತ್ತಾರೆ. ಹೀಗಾಗಿ ಲೀಗಿನ ಗುಣಮಟ್ಟ ವಿಶ್ವದರ್ಜೆ ತಲುಪಿದೆ.” ಸಂಖ್ಯೆ ಸರಿ, 2024ರದು. ಅದು ಬಹುಮಟ್ಟಿಗೆ ವಿತರಣೆಯಾದ ಟಿಕೆಟ್‌ಗಳ ಲೆಕ್ಕ, ಗೇಟಿನಲ್ಲಿ ಎಣಿಸಿದ ತಲೆಗಳದ್ದಲ್ಲ. ಅದನ್ನು ಬಿಡಿ. ಮೊದಲ ವಾಕ್ಯದಿಂದ ಎರಡನೆಯದಕ್ಕೆ ದಾರಿಯೇ ಇಲ್ಲ. ಜನ ಹೆಚ್ಚಿದರೆ ಒಡೆಯರ ಆದಾಯ ಹೆಚ್ಚುತ್ತದೆ. ಆ ಆದಾಯ ಆಟಗಾರರ ಸಾಮರ್ಥ್ಯವಾಗಿ ಅಂಗಳಕ್ಕೆ ಇಳಿಯಬೇಕಾದರೆ ನಡುವೆ ವೇತನದ ನಿಯಮಗಳೆಂಬ ಬಾಗಿಲಿದೆ, ಅದನ್ನು ಉದ್ದೇಶಪೂರ್ವಕವಾಗಿಯೇ ಕಿರಿದಾಗಿ ಇಟ್ಟಿದ್ದಾರೆ.

“ಕ್ಲಬ್‌ಗಳು ಹಣದ ಹೊಳೆಯನ್ನೇ ಹರಿಸುತ್ತಿವೆ” ಎಂದಿದ್ದೀರಿ. ಕಾಗದ ಪೆನ್ನು ತೆಗೆದುಕೊಳ್ಳಿ. 2025ರಲ್ಲಿ ಒಂದು ತಂಡದ ವೇತನ ಬಜೆಟ್ 59,50,000 ಡಾಲರ್. ಅದು ಪಟ್ಟಿಯ ಮೊದಲ 20 ಆಟಗಾರರಿಗೆ. ಡೆಸಿಗ್ನೇಟೆಡ್ ಪ್ಲೇಯರ್‌ಗಳಾಗಿ ಮೂವರನ್ನು ಇಟ್ಟುಕೊಳ್ಳಬಹುದು. ಮೆಸ್ಸಿಗೆ ವರ್ಷಕ್ಕೆ 2 ಕೋಟಿ ಡಾಲರ್ ಮೀರಿ ಸಂದಾಯವಾದರೂ ಬಜೆಟ್‌ನಲ್ಲಿ ಲೆಕ್ಕಕ್ಕೆ ಬರುವುದು 7,43,750 ಮಾತ್ರ, ಉಳಿದದ್ದು ಒಡೆಯರ ಜೇಬಿನಿಂದ. ಮೂವರಿಗೂ ಪೂರ್ತಿ ಹಿಡಿದರೆ 22,31,250 ಹೋಯಿತು. ಉಳಿದ 37,18,750ನ್ನು 17 ಜನರಿಗೆ ಹಂಚಿದರೆ ತಲೆಗೆ 2,18,750 ಡಾಲರ್. ಗ್ಯಾಮ್, ಟ್ಯಾಮ್ ಎಂದು ಕರೆಯುವ, ಲೀಗ್ ತಂಡಗಳಿಗೆ ಕೊಡುವ ಹಂಚಿಕೆ ಹಣದಿಂದ ಕೆಲವರ ಸಂಬಳದ ಭಾರ ಇಳಿಸಬಹುದು, 2021ರಿಂದ 22 ವರ್ಷದೊಳಗಿನವರಿಗೆ ಪ್ರತ್ಯೇಕ ರಿಯಾಯಿತಿಯೂ ಇದೆ. ಹಾಗಾಗಿ ನಿಜವಾದ ಸರಾಸರಿ ಇದಕ್ಕಿಂತ ಮೇಲಿರುತ್ತದೆ. ಆದರೂ ಆಕಾರ ಬದಲಾಗುವುದಿಲ್ಲ: ಮೇಲೆ ಮೂವರು ಬೇರೆ ಮಟ್ಟದವರು, ನಡುವೆ ನಾಲ್ಕೈದು ಜನ ಗಟ್ಟಿಗರು, ಕೆಳಗೆ ಕಡಿಮೆ ಸಂಬಳದ ಡಿಫೆಂಡರ್‌ಗಳು ಮತ್ತು ಬದಲಿ ಆಟಗಾರರು. ಈ ಲೀಗಿನ ಗುಣಮಟ್ಟ ಅಳೆಯಬೇಕಾದದ್ದು ಪಟ್ಟಿಯ ಮೊದಲ ಹೆಸರಿನಿಂದಲ್ಲ, ಹನ್ನೆರಡನೆಯ ಹೆಸರಿನಿಂದ ಕೆಳಕ್ಕೆ.

ಇದಕ್ಕೆ ಸಾಕ್ಷಿ ನೀವೇ ನೋಡಿರುವ ಋತುವಿನಲ್ಲಿದೆ. 2024ರಲ್ಲಿ ಮಯಾಮಿ 74 ಅಂಕ ಗಳಿಸಿ ಲೀಗಿನ ದಾಖಲೆ ಬರೆಯಿತು. ನೀವು ಅಲ್ಲಿಗೇ ನಿಲ್ಲಿಸಿದ್ದೀರಿ. 79 ಗೋಲು ಹೊಡೆದ ಆ ತಂಡ 49 ಗೋಲು ಬಿಟ್ಟುಕೊಟ್ಟಿತ್ತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಎದುರಾದದ್ದು 40 ಅಂಕದ ಅಟ್ಲಾಂಟಾ, ಋತುವಿನ ಮಧ್ಯೆಯೇ ಥಿಯಾಗೊ ಅಲ್ಮಾಡಾ ಮತ್ತು ಗಿಯಾಕೊಮಾಕಿಸ್‌ರನ್ನು ಮಾರಿಬಿಟ್ಟಿದ್ದ ತಂಡ. ನವೆಂಬರ್ 9ರ ಮೂರನೇ, ನಿರ್ಣಾಯಕ ಪಂದ್ಯದಲ್ಲಿ ಮೊದಲು ಗೋಲು ಹೊಡೆದದ್ದು ಮಯಾಮಿ. ಎರಡೇ ನಿಮಿಷದಲ್ಲಿ ಜಮಾಲ್ ಥಿಯಾರೆ ಸಮ ಮಾಡಿದ, ಇನ್ನೆರಡು ನಿಮಿಷಕ್ಕೆ ಅವನೇ ಮುನ್ನಡೆ ತಂದ. ಮೆಸ್ಸಿ ತಲೆಯಿಂದ ಹೊಡೆದು 2–2 ಮಾಡಿದ ಮೇಲೆ ಬಾರ್ಟೋಸ್ ಸ್ಲಿಸ್ ಗೆಲುವಿನ ಗೋಲು ಹೊಡೆದ. ಮೆಸ್ಸಿ, ಸುವಾರೆಸ್, ಬುಸ್ಕೆಟ್ಸ್, ಆಲ್ಬಾ ನಾಲ್ವರೂ ಇದ್ದ ತಂಡ ಅಲ್ಲಿಗೆ ಹೊರಬಿತ್ತು. ಆ ನಾಲ್ಕು ನಿಮಿಷಗಳಲ್ಲಿ ಮಯಾಮಿಯ ಡಿಫೆಂಡರ್‌ಗಳು ಎಲ್ಲೆಲ್ಲಿ ನಿಂತಿದ್ದರು ಎಂದು ನೀವು ಬರೆದಿದ್ದರೆ ನಿಮ್ಮ ಲೇಖನವನ್ನು ಹಾಗೇ ಅಚ್ಚಿಗೆ ಕಳುಹಿಸುತ್ತಿದ್ದೆ.

ಮುಂದಿನ ವಾಕ್ಯ: “ಈ ಲೀಗ್ ಈಗ ಯುರೋಪಿನ ಎರಡನೇ ಸಾಲಿನ ಲೀಗುಗಳಿಗೆ ಸಮ.” ಯಾವ ಪಂದ್ಯದ ಆಧಾರದ ಮೇಲೆ? ಆ ಲೀಗುಗಳ ತಂಡಗಳೂ ಇವರ ತಂಡಗಳೂ ಪೈಪೋಟಿಯ ಪಂದ್ಯಗಳಲ್ಲಿ ಎದುರಾಗುವುದೇ ಅಪರೂಪ. ನಿಜವಾದ ಅಳತೆಗೋಲು ಪಕ್ಕದಲ್ಲೇ ಇದೆ, ಮೆಕ್ಸಿಕೊದ ಲೀಗಾ ಎಂಎಕ್ಸ್. ಉತ್ತರ ಮತ್ತು ಮಧ್ಯ ಅಮೆರಿಕದ ಕ್ಲಬ್‌ಗಳು ಸೆಣಸುವ ಕಾನ್‌ಕಕಾಫ್ ಚಾಂಪಿಯನ್ಸ್ ಟೂರ್ನಿಯ ಫೈನಲ್‌ಗಳನ್ನು ಸಾಲಾಗಿ ಬರೆದುಕೊಳ್ಳಿ. 2011ರಲ್ಲಿ ಸಾಲ್ಟ್ ಲೇಕ್ ಮಾಂಟೆರ್ರೆಗೆ ಸೋತಿತು. 2015ರಲ್ಲಿ ಮಾಂಟ್ರಿಯಲ್ ಮೆಕ್ಸಿಕೊದ ‘ಕ್ಲಬ್ ಅಮೆರಿಕಾ’ಗೆ, 2018ರಲ್ಲಿ ಟೊರೊಂಟೊ ಪೆನಾಲ್ಟಿಯಲ್ಲಿ ಗ್ವಾಡಲಹಾರಕ್ಕೆ, 2020ರಲ್ಲಿ ಎಲ್‌ಎಎಫ್‌ಸಿ ಟಿಗ್ರೆಸ್‌ಗೆ, 2023ರಲ್ಲಿ ಮತ್ತೆ ಎಲ್‌ಎಎಫ್‌ಸಿ ಲಿಯೋನ್‌ಗೆ, 2024ರಲ್ಲಿ ಕೊಲಂಬಸ್ 0–3ರಿಂದ ಪಚೂಕಾಕ್ಕೆ. 2025ರಲ್ಲಿ ವ್ಯಾಂಕೂವರ್ ಸೆಮಿಫೈನಲ್‌ನಲ್ಲಿ ಮೆಸ್ಸಿಯ ಮಯಾಮಿಯನ್ನು ಎರಡು ಪಂದ್ಯ ಸೇರಿ 5–1ರಿಂದ ಮಣಿಸಿತು, ಫೈನಲ್‌ನಲ್ಲಿ ಕ್ರೂಸ್ ಅಝುಲ್ ಕೈಯಲ್ಲಿ 0–5ರಿಂದ ಸೋತಿತು. ಇಷ್ಟರ ನಡುವೆ ಗೆದ್ದದ್ದು ಒಮ್ಮೆ, 2022ರಲ್ಲಿ ಸಿಯಾಟಲ್.

ಆ ಗೆಲುವನ್ನು ಹತ್ತಿರದಿಂದ ನೋಡಿ. ಮೆಕ್ಸಿಕೊದ ಪೂಮಾಸ್ ವಿರುದ್ಧ ಮೊದಲ ಪಂದ್ಯದಲ್ಲಿ 0–2 ಹಿಂದಿದ್ದು, ಲೊಡೇರೊನ ಎರಡು ಪೆನಾಲ್ಟಿಯಿಂದ 2–2. ತವರಿನಲ್ಲಿ 68,741 ಜನರ ಮುಂದೆ ಎರಡನೆಯ ಪಂದ್ಯ. ಅರ್ಧ ಗಂಟೆಯೊಳಗೆ ಮಿಡ್‌ಫೀಲ್ಡ್‌ನ ಬೆನ್ನೆಲುಬು ಜೋವಾವೊ ಪಾಲೊ ಮಂಡಿಯ ಗಾಯದಿಂದ ಹೊರಹೋದ. ಒಳಗೆ ಬಂದವನು ಓಬೆಡ್ ವರ್ಗಾಸ್, ಸಿಯಾಟಲ್ ಅಕಾಡೆಮಿಯ ಹುಡುಗ, ವಯಸ್ಸು 16. ತಂಡ 3–0ರಿಂದ ಗೆದ್ದಿತು. ಲೀಗಿನ ಗುಣಮಟ್ಟ ಏರಿದೆ ಎಂದು ನಾನು ನಂಬುವುದು ಇಂಥ ಕಡೆ: ಬೆಂಚಿನಿಂದ ಬಂದ ಹದಿನಾರರ ಹುಡುಗ ಫೈನಲ್‌ನ ಉಳಿದ ಹೊತ್ತನ್ನು ನಿಭಾಯಿಸಿದಾಗ. ಅಕಾಡೆಮಿಯ ಹುಡುಗರನ್ನು ಕ್ಲಬ್ ನೇರವಾಗಿ ಸೇರಿಸಿಕೊಳ್ಳಲು ಬಿಡುವ 2008ರ ಹೋಂಗ್ರೋನ್ ನಿಯಮ ಬಂದ ಮೇಲೆ ಕ್ಲಬ್‌ಗಳು ಅಕಾಡೆಮಿಗೆ ಹಣ ಹಾಕತೊಡಗಿದವು. ಡಲ್ಲಾಸ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ರೆಡ್ ಬುಲ್ಸ್ ಅದರಲ್ಲಿ ಮುಂದು. ವ್ಯಾಂಕೂವರ್ ಅಕಾಡೆಮಿಯಿಂದ ಬಂದ ಅಲ್ಫಾನ್ಸೊ ಡೇವಿಸ್‌ನನ್ನು 2018ರಲ್ಲಿ ಬಯರ್ನ್ ಮ್ಯೂನಿಕ್ ಕೊಂಡುಕೊಂಡಿತು. ನಿಮ್ಮ ಲೇಖನದಲ್ಲಿ ಅಕಾಡೆಮಿ ಎಂಬ ಮಾತು ಒಮ್ಮೆಯೂ ಬಂದಿಲ್ಲ.

ಮೆಕ್ಸಿಕೊ ತಂಡಗಳು ಏಕೆ ಗೆಲ್ಲುತ್ತವೆ ಎನ್ನುವುದಕ್ಕೂ ಕಾರಣ ಕೊಡಬೇಕು. ಅವರಿಗೆ ಇಂಥ ವೇತನ ಮಿತಿಯಿಲ್ಲ, ಹಾಗಾಗಿ ಬದಲಿ ಆಟಗಾರರೂ ಗಟ್ಟಿ. ಟೂರ್ನಿ ಫೆಬ್ರವರಿಯಲ್ಲಿ ಆರಂಭವಾಗುತ್ತದೆ. ಆಗ ಅವರು ಋತುವಿನ ಮಧ್ಯದಲ್ಲಿರುತ್ತಾರೆ, ಅಮೆರಿಕದ ತಂಡಗಳು ಚಳಿಗಾಲದ ರಜೆ ಮುಗಿಸಿ ಮೈ ಸಡಿಲಿಸಿಕೊಳ್ಳುತ್ತಿರುತ್ತವೆ. ಎತ್ತರದ ಊರುಗಳಲ್ಲಿ ಆಡುವ ಕಷ್ಟ ಬೇರೆ. ಕ್ಯಾಲೆಂಡರ್‌ನಿಂದ ಇನ್ನೊಂದು ಪೆಟ್ಟಿದೆ: ಯುರೋಪಿನವರು ಆಟಗಾರರನ್ನು ಕೊಳ್ಳುವುದು ಬೇಸಿಗೆಯಲ್ಲಿ, ಅದು ಇವರ ಋತುವಿನ ನಟ್ಟನಡುವೆ. 2024ರಲ್ಲಿ ಅಟ್ಲಾಂಟಾದ ಆ ಇಬ್ಬರು ಹೋದದ್ದು ಬ್ರೆಜಿಲ್ ಮತ್ತು ಮೆಕ್ಸಿಕೊ ತಂಡಗಳಿಗಾದರೂ, ಹೋದದ್ದು ಹೀಗೆ ನಡುಋತುವಿನಲ್ಲೇ. 2027ರ ಜುಲೈನಿಂದ ಲೀಗ್ ಯುರೋಪಿನ ಕ್ಯಾಲೆಂಡರ್‌ಗೆ ಬದಲಾಗಲಿದೆ, ಈ ನಿರ್ಧಾರವನ್ನು ನೀವು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ವೇತನ ಮಿತಿ ಸಡಿಲವಾಗದೆ ಕ್ಯಾಲೆಂಡರ್ ಒಂದರಿಂದಲೇ ಫೈನಲ್‌ಗಳ ಫಲಿತಾಂಶ ಬದಲಾಗುತ್ತದೆ ಎಂದು ನನಗನ್ನಿಸುವುದಿಲ್ಲ.

ನಮ್ಮ ಓದುಗರಿಗೆ ಹತ್ತಿರವಾದ ಒಂದು ಸಂಗತಿಯನ್ನೂ ಬಿಟ್ಟಿದ್ದೀರಿ. ಮುಂದೆ ಬೆಂಗಳೂರು ಎಫ್‌ಸಿ ಸೇರಿದ ಸುನಿಲ್ ಚೆಟ್ರಿ 2010ರಲ್ಲಿ ಕ್ಯಾನ್ಸಸ್ ಸಿಟಿ ವಿಝರ್ಡ್ಸ್ ಸೇರಿದ್ದರು. ಭಾರತದ ಅಗ್ರ ಸ್ಟ್ರೈಕರ್‌ಗೆ ಅಲ್ಲಿ ಒಂದು ಲೀಗ್ ಪಂದ್ಯವೂ ಸಿಗಲಿಲ್ಲ. ಮೆಸ್ಸಿಗೆ 13 ವರ್ಷ ಮೊದಲೇ ಆ ಲೀಗಿನ ಬೆಂಚು ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ಕನ್ನಡದ ಓದುಗನಿಗೆ ಇದಕ್ಕಿಂತ ಬೇಗ ಅರ್ಥವಾಗುವ ಉದಾಹರಣೆ ಇಲ್ಲ.

ಕ್ರೀಡಾಪುಟದಲ್ಲಿ ಕೆಲಸ ಕಲಿಯುವಾಗ ನಮ್ಮ ಹಿರಿಯರು ಹೇಳಿಕೊಟ್ಟ ಒಂದು ಕ್ರಮವನ್ನು ನಿಮಗೂ ದಾಟಿಸುತ್ತೇನೆ. ಹೈಲೈಟ್ಸ್ ಬೇಡ, ಪೂರ್ತಿ ಪಂದ್ಯ ನೋಡಬೇಕು. ತಾರೆಯನ್ನು ಬಿಟ್ಟು ಒಬ್ಬ ಫುಲ್‌ಬ್ಯಾಕ್‌ನನ್ನು ಹಿಡಿಯಿರಿ. ಪುಟದಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿ. ಎದುರಾಳಿ ಎರಡು ಮೀಟರ್ ಒಳಗಿದ್ದಾಗ ಚೆಂಡು ಬಂದರೆ ಅವನ ಮೊದಲ ಸ್ಪರ್ಶ ಯಾವ ಕಡೆಗೆ ಹೋಯಿತು ಎಂಬುದು ಮೊದಲನೆಯದರಲ್ಲಿ, ಪಾಸ್ ಮುಂದಕ್ಕೋ ಹಿಂದಕ್ಕೋ ಎಂಬುದು ಎರಡನೆಯದರಲ್ಲಿ, ಚೆಂಡು ಕಳೆದ ಮೇಲೆ ಎಷ್ಟು ಸೆಕೆಂಡಿಗೆ ತನ್ನ ಜಾಗಕ್ಕೆ ಮರಳಿದ ಎಂಬುದು ಮೂರನೆಯದರಲ್ಲಿ. ಮೊದಲ 20 ನಿಮಿಷ ಬರೆಯಿರಿ, ಮತ್ತೆ 60ರಿಂದ 80ರವರೆಗೆ ಬರೆಯಿರಿ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಅವನು ಆಗಾಗ ಚೌಕಟ್ಟಿನಿಂದ ಹೊರಗಿರುತ್ತಾನೆ. ಗೋಲ್‌ಕಿಕ್ ಮತ್ತು ಥ್ರೋ ವೇಳೆ ತಡೆದು ನೋಡಿದರೆ ಎಲ್ಲಿದ್ದಾನೆ ಎಂದು ಸಿಗುತ್ತದೆ. ಈ ಲೀಗಿನಲ್ಲಿ ಎರಡು ಪಟ್ಟಿಗಳ ಅಂತರ ದೊಡ್ಡದಿರುತ್ತದೆ. ಜುಲೈ ಬಿಸಿಲು, ವ್ಯಾಂಕೂವರ್‌ನಿಂದ ಫ್ಲಾರಿಡಾಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಮೀರಿದ ಪ್ರಯಾಣ, ಕೆಲವೆಡೆ ಕೃತಕ ಹುಲ್ಲು, ವಾರದಲ್ಲಿ ಮೂರನೇ ಪಂದ್ಯ. ಗಂಟೆ ದಾಟಿದ ಮೇಲೆ ಮಿಡ್‌ಫೀಲ್ಡ್‌ಗೂ ಡಿಫೆನ್ಸ್‌ಗೂ ನಡುವೆ ಜಾಗ ತೆರೆದುಕೊಳ್ಳುತ್ತದೆ, ಪಂದ್ಯ ಆ ಕೊನೆಯಿಂದ ಈ ಕೊನೆಗೆ ಓಡತೊಡಗುತ್ತದೆ. ನೋಡಲು ಮಜಾ, ಆದರೆ ಗುಣಮಟ್ಟದ ಪ್ರಶ್ನೆ ಏಳುವುದು ಅಲ್ಲೇ.

ಮತ್ತೆ ಕಳುಹಿಸುವುದಾದರೆ ಮೊದಲ ಎರಡು ಪುಟ ಪೂರ್ತಿ ತೆಗೆದುಹಾಕಿ. 2024ರ ನವೆಂಬರ್ 9ರ ಪಂದ್ಯವನ್ನೂ 2025ರ ವ್ಯಾಂಕೂವರ್–ಮಯಾಮಿ ಸೆಮಿಫೈನಲ್‌ನ ಎರಡೂ ಪಂದ್ಯಗಳನ್ನೂ ಮೇಲೆ ಹೇಳಿದಂತೆ ನೋಡಿ. ಮಯಾಮಿಯ ಡಿಫೆಂಡರ್‌ಗಳಲ್ಲಿ ಇಬ್ಬರನ್ನು ಆರಿಸಿಕೊಂಡು, ಆಟಗಾರರ ಸಂಘ ಪ್ರಕಟಿಸುವ ವೇತನ ಪಟ್ಟಿಯಲ್ಲಿ ಅವರ ಸಂಬಳ ಹುಡುಕಿ ಲೇಖನದಲ್ಲೇ ಬರೆಯಿರಿ. 1,200 ಪದ ಸಾಕು. ನಿಮ್ಮ ಮೂರು ಕಾಲಂನ ಪುಟಗಳನ್ನೂ ಜತೆಗೆ ಲಗತ್ತಿಸಿ, ಲೇಖನಕ್ಕಿಂತ ಮೊದಲು ಅವನ್ನು ಓದುತ್ತೇನೆ.