ಸಣ್ಣ ಕ್ಲಬ್ಬಿನಲ್ಲಿ ನೆಚ್ಚಿನ ಗಾಯಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಷಿಕಾಗೊದಲ್ಲಿ ನೆಲೆಸಿರುವ ನಾನು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳಿಗೆ ರಾಕಿನ ಒರಟುತನ ಬೆರೆಸಿದ ಆಲ್ಟರ್ನೇಟಿವ್ ಕಂಟ್ರಿ ಸಂಗೀತವನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. ನಾನು ತುಂಬ ಮೆಚ್ಚುವ ಗಾಯಕರೊಬ್ಬರು ಮುಂದಿನ ತಿಂಗಳು ಇಲ್ಲಿನ ಚಿಕ್ಕ ಕ್ಲಬ್ಬೊಂದರಲ್ಲಿ ಗಿಟಾರ್ ಹಿಡಿದು ಒಬ್ಬರೇ ಹಾಡಲಿದ್ದಾರೆ. ಅಲ್ಲಿ ನೂರು ಜನ ಕೂತರೆ ಹೆಚ್ಚು. ಈವರೆಗೆ ದೊಡ್ಡ ಮೈದಾನಗಳ ಕಾರ್ಯಕ್ರಮಗಳನ್ನಷ್ಟೇ ನೋಡಿರುವ ನನಗೆ ಇಂಥ ಕಡೆ ಎಲ್ಲಿ ಕೂರಬೇಕು, ಇಷ್ಟದ ಹಾಡನ್ನು ಹಾಡಿರೆಂದು ಕೇಳಬಹುದೇ, ಕಾರ್ಯಕ್ರಮ ಮುಗಿದ ಮೇಲೆ ಅವರನ್ನು ಮಾತನಾಡಿಸಿದರೆ ತಪ್ಪಾಗುತ್ತದೆಯೇ ಎಂಬುದು ತಿಳಿಯದು.

ಉತ್ತರ: ಮೈದಾನದಲ್ಲಿ ಮುಂದಿನ ಸಾಲು ಸಿಕ್ಕರೆ ಅದೃಷ್ಟವೆಂದುಕೊಳ್ಳುತ್ತೇವೆ, ಚಿಕ್ಕ ಕ್ಲಬ್ಬಿನಲ್ಲಿ ಅದನ್ನು ಹಾಗೆ ಹೇಳಲಾಗದು. ಪೂರ್ಣ ಬ್ಯಾಂಡ್ ನುಡಿಸುವಾಗ ವೇದಿಕೆಯ ಬುಡದಲ್ಲಿ ನಿಂತವರಿಗೆ ಡ್ರಮ್ಮು ಮತ್ತು ಗಿಟಾರಿನ ಆಂಪ್ಲಿಫೈಯರುಗಳ ಸದ್ದು ನೇರವಾಗಿ ಬಂದು ಬಡಿಯುತ್ತದೆ; ಹಾಡುವವರ ದನಿಯಾದರೋ ವೇದಿಕೆಯ ಎರಡು ಬದಿಯ ಧ್ವನಿವರ್ಧಕಗಳಿಂದ ಹೊರಟು ಅವರನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಸೌಂಡ್ ಇಂಜಿನಿಯರ್ ತಾವು ಕೂತಲ್ಲಿ ಕೇಳುವುದನ್ನೇ ಅಳತೆಯಾಗಿಟ್ಟುಕೊಂಡು ದನಿ ಮತ್ತು ವಾದ್ಯಗಳನ್ನು ಹದಗೊಳಿಸುವುದರಿಂದ, ಹಾಡಿನ ಸಾಹಿತ್ಯ ಅತ್ಯಂತ ಸ್ಪಷ್ಟವಾಗಿ ತಲುಪುವುದು ಅವರ ಆಸುಪಾಸಿನಲ್ಲಿ ಕೂತವರಿಗೆ. ನೀವು ಹೋಗುತ್ತಿರುವುದು ಒಬ್ಬರೇ ಹಾಡುವ ಕಾರ್ಯಕ್ರಮಕ್ಕಾದ್ದರಿಂದ ಈ ತೊಡಕು ನಿಮಗಿಲ್ಲ. ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ ಕೂತರೆ ಬೆರಳು ತಂತಿಯ ಮೇಲೆ ಜಾರುವ ಸದ್ದೂ, ಒಂದು ಸಾಲು ಮುಗಿದು ಇನ್ನೊಂದು ತೊಡಗುವ ಮೊದಲು ಉಸಿರೆಳೆದುಕೊಳ್ಳುವ ಸದ್ದೂ ಕಿವಿಗೆ ಬೀಳುತ್ತವೆ. ಬಾರಿನ ಪಕ್ಕದ ಆಸನವನ್ನು ಮಾತ್ರ ಬಿಟ್ಟುಬಿಡಿ. ಮಂಜುಗಡ್ಡೆ ಸುರಿಯುವ ಸದ್ದು ಮೆಲುದನಿಯ ಹಾಡಿನ ನಡುವೆಯೇ ಬರುವುದೆಂಬುದು ಬಹುತೇಕ ನಿಯಮ.

ಇಷ್ಟದ ಹಾಡನ್ನು ಹಾಡಿರೆಂದು ಕೇಳುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ವೇದಿಕೆಯ ಮೇಲಿರುವವರು ತಾವಾಗಿ ಕೇಳುವವರೆಗೆ ಹಾಡಿನ ಹೆಸರನ್ನು ಕೂಗಬಾರದು. ಅದಕ್ಕೆ ಕಾರಣ ಸಭ್ಯತೆಯೊಂದೇ ಅಲ್ಲ. ಈ ಬಗೆಯ ಗೀತರಚನೆಕಾರರಲ್ಲಿ ಅನೇಕರು ಗಿಟಾರಿನ ತಂತಿಗಳನ್ನು ಬೇರೆ ಬೇರೆ ಶ್ರುತಿಗೆ ಹೊಂದಿಸಿಕೊಂಡು ಹಾಡು ಕಟ್ಟುತ್ತಾರೆ; ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಜೋಡಿಸಿಕೊಂಡರೆ ನಡುನಡುವೆ ನಿಂತು ತಂತಿ ತಿರುಗಿಸುವ ಶ್ರಮ ತಪ್ಪುತ್ತದೆ. ನೀವು ಹಿಂದಿನಿಂದ ಕೂಗಿದ ಹಾಡು ಬೇರೆ ಶ್ರುತಿಯದಾಗಿದ್ದರೆ, ಅವರು ಒಂದೋ ನಿಮ್ಮನ್ನು ನಿರಾಶೆಗೊಳಿಸಬೇಕು, ಇಲ್ಲವೇ ಎಲ್ಲರನ್ನೂ ಕಾಯಿಸಬೇಕು. ಅಲ್ಲದೆ ಇನ್ನೂ ಧ್ವನಿಮುದ್ರಣಗೊಳ್ಳದ ಹಾಡುಗಳನ್ನು ಇಂಥ ಕೋಣೆಗಳಲ್ಲಿಯೇ ಮೊದಲು ಹಾಡಿ ನೋಡುವವರು ಬಹಳ ಮಂದಿ. ಹೊಸ ಹಾಡು ತೊಡಗಿದೊಡನೆ ಹಳೆಯದನ್ನು ಬೇಡುವ ಅಭಿಮಾನಿ ಎಷ್ಟೇ ಪ್ರೀತಿಯಿಂದ ಬೇಡಿದರೂ ಆ ಪರೀಕ್ಷೆಯನ್ನು ಕೆಡಿಸುತ್ತಾನೆ. ಕಾರ್ಯಕ್ರಮದ ಕೊನೆಯಲ್ಲಿ ಅವರು ಮತ್ತೆ ವೇದಿಕೆಗೆ ಬಂದು ‘ಏನು ಹಾಡಲಿ?’ ಎಂದರೆ, ಆಗ ಒಂದೇ ಒಂದು ಹಾಡಿನ ಹೆಸರು ಹೇಳಿ ಸುಮ್ಮನಾಗಿ.

ಮಾತನಾಡಿಸುವುದರಲ್ಲಿ ತಪ್ಪೇನೂ ಇಲ್ಲ. ಚಿಕ್ಕ ಕ್ಲಬ್ಬುಗಳಲ್ಲಿ ಹಾಡಿದವರೇ ತಮ್ಮ ಧ್ವನಿಮುದ್ರಿಕೆ ಮತ್ತು ಟೀ ಶರ್ಟುಗಳನ್ನಿಟ್ಟ ಮೇಜಿನ ಹಿಂದೆ ಬಂದು ನಿಲ್ಲುವುದು ಸಾಮಾನ್ಯ. ನಿಮ್ಮ ಹಿಂದೆ ಸರದಿ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಯಾವ ಹಾಡಿನ ಯಾವ ಸಾಲು ಏಕೆ ಹಿಡಿಸಿತೆಂದು ಎರಡು ವಾಕ್ಯದಲ್ಲಿ ಹೇಳಿದರೆ ಅವರಿಗೂ ಸಂತೋಷವಾಗುತ್ತದೆ. ನಿಮ್ಮ ಬದುಕಿನ ಕಥೆಯನ್ನೆಲ್ಲ ಅಲ್ಲಿಯೇ ಬಿಚ್ಚಿಡಬೇಡಿ. ಒಡೆದುಹೋದ ಹಳೆಯ ಬ್ಯಾಂಡನ್ನು ಮತ್ತೆ ಯಾವಾಗ ಕೂಡಿಸುತ್ತೀರಿ ಎಂಬ ಪ್ರಶ್ನೆಯನ್ನಂತೂ ಎಂದಿಗೂ ಕೇಳಬೇಡಿ.

ಪ್ರಶ್ನೆ: ಇಂಥದೇ ಒಂದು ಕಾರ್ಯಕ್ರಮಕ್ಕೆ ಹೋಗಿದ್ದಾಗ ಪಕ್ಕದ ಮೇಜಿನವರು ಆದಿಯಿಂದ ಅಂತ್ಯದವರೆಗೂ ಹರಟುತ್ತಲೇ ಇದ್ದರು. ಇದು ಕಲಾವಿದರಿಗೆ ಮಾಡುವ ಅವಮಾನವಲ್ಲವೇ?

ಉತ್ತರ: ಒಬ್ಬರೇ ಹಾಡುತ್ತಿದ್ದರೆ ಹೌದು, ಬ್ಯಾಂಡ್ ನುಡಿಸುತ್ತಿದ್ದರೆ ಅಷ್ಟು ಸುಲಭವಾಗಿ ಹೌದೆನ್ನಲಾರೆ. ಕಂಟ್ರಿ ಸಂಗೀತದ ಒಂದು ದೊಡ್ಡ ಭಾಗ ಬೆಳೆದದ್ದೇ ಗದ್ದಲದ ನಡುವೆ. 1933ರಲ್ಲಿ ಅಮೆರಿಕದ ಪಾನನಿಷೇಧ ಕೊನೆಗೊಂಡ ಮೇಲೆ ಟೆಕ್ಸಸ್ ಮತ್ತು ಸುತ್ತಲ ಪ್ರಾಂತಗಳಲ್ಲಿ ಹಾಂಕಿ ಟಾಂಕ್ ಎಂದು ಕರೆಯುವ, ಕುಡಿದು ಕುಣಿಯುವ ಅಗ್ಗದ ಬಾರುಗಳು ಹಬ್ಬಿದವು. ಅಲ್ಲಿ ಮೆಲುದನಿಯ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ. ಕಂಟ್ರಿ ಗಾಯಕ ಅರ್ನೆಸ್ಟ್ ಟಬ್ 1941ರಲ್ಲಿ ತಮ್ಮ ಧ್ವನಿಮುದ್ರಿಕೆಗೆ ಎಲೆಕ್ಟ್ರಿಕ್ ಗಿಟಾರ್ ಸೇರಿಸಿಕೊಂಡದ್ದು, ಬಾರಿನ ಗಲಾಟೆಯಲ್ಲಿ ಜೂಕ್ ಬಾಕ್ಸಿನ (ಕಾಸು ಹಾಕಿದರೆ ಹಾಡು ನುಡಿಸುವ ಯಂತ್ರದ) ಹಾಡು ಕೇಳಿಸುವುದಿಲ್ಲವೆಂಬ ದೂರು ಬಂದದ್ದರಿಂದ ಎಂದು ಹೇಳಲಾಗುತ್ತದೆ. ವಿದ್ಯುತ್ ಗಿಟಾರ್, ತಂತಿಗಳ ಮೇಲೆ ಲೋಹದ ಸರಳು ಜಾರಿಸಿ ನುಡಿಸುವ ಸ್ಟೀಲ್ ಗಿಟಾರ್, ಒತ್ತಿಕೊಟ್ಟ ತಾಳ ಇವೆಲ್ಲ ಗದ್ದಲವನ್ನು ಗೆಲ್ಲಲು ಸಂಗೀತಗಾರರು ಕಂಡುಕೊಂಡ ದಾರಿಗಳು. ಹೀಗಾಗಿ ಪೂರ್ಣ ಬ್ಯಾಂಡಿನ ರಾತ್ರಿಯಲ್ಲಿ ಒಂದಿಷ್ಟು ಮಾತು, ನಗು, ಗಾಜಿನ ಸದ್ದು ಆ ಸಂಗೀತಕ್ಕೆ ಹೊರಗಿನವೇನಲ್ಲ.

ಆದರೆ ಗದ್ದಲ ಒಂದು ಬಗೆಯ ಹಾಡನ್ನು ರೂಪಿಸಿದಂತೆ ಮೌನ ಇನ್ನೊಂದು ಬಗೆಯನ್ನು ರೂಪಿಸಿದೆ. ಟೆಕ್ಸಸಿನ ಗಾಯಕ, ಗೀತರಚನೆಕಾರ ಟೌನ್ಸ್ ವ್ಯಾನ್ ಝ್ಯಾಂಟ್ ಅವರು 1973ರ ಜುಲೈನಲ್ಲಿ ಹ್ಯೂಸ್ಟನ್ನಿನ ಓಲ್ಡ್ ಕ್ವಾರ್ಟರ್ ಎಂಬ ಇಕ್ಕಟ್ಟಾದ ಕ್ಲಬ್ಬಿನಲ್ಲಿ ಒಂದೇ ಗಿಟಾರಿನೊಂದಿಗೆ ಹಾಡಿದ್ದು 1977ರಲ್ಲಿ ಎರಡು ತಟ್ಟೆಗಳ ಆಲ್ಬಮ್ ಆಗಿ ಹೊರಬಂತು. ಬೇಸಿಗೆಯ ಸೆಕೆ, ಕಿಕ್ಕಿರಿದ ಜನ, ಹಾಡುಗಳ ನಡುವೆ ಗಾಯಕರು ಹೇಳುವ ನಗೆಹನಿಗಳು ಎಲ್ಲವೂ ಅದರಲ್ಲಿವೆ. ಆದರೂ ಹಾಡು ತೊಡಗಿದೊಡನೆ ಕೋಣೆಯ ಸದ್ದು ಹೇಗೆ ತಗ್ಗುತ್ತದೆಂಬುದನ್ನು ಕೇಳಿ ನೋಡಿ. ಅವರ ಸ್ಟುಡಿಯೊ ಮುದ್ರಣಗಳಲ್ಲಿ ವಾದ್ಯಗಳ ಅಲಂಕಾರ ಹೆಚ್ಚಿ ಮರೆಯಾದ ಎಷ್ಟೋ ಸಾಲುಗಳು ಇಲ್ಲಿ ನಮ್ಮನ್ನು ತಲುಪುತ್ತವೆ. ಆಲ್ಟರ್ನೇಟಿವ್ ಕಂಟ್ರಿಯ ಗೀತರಚನೆಕಾರರು ಅವರನ್ನು ಗುರುಸ್ಥಾನದಲ್ಲಿ ಇರಿಸಿದ್ದಾರೆ. ಅವರಲ್ಲೊಬ್ಬರಾದ ಗಾಯಕ ಸ್ಟೀವ್ ಅರ್ಲ್ ತಮ್ಮ ಮಗನಿಗೆ ಅವರ ಹೆಸರನ್ನೇ ಸೇರಿಸಿ ಇಟ್ಟರು, 2009ರಲ್ಲಿ ಅವರ ಹಾಡುಗಳ ಒಂದು ಇಡೀ ಆಲ್ಬಮನ್ನೂ ಹೊರತಂದರು.

ಮೌನವನ್ನೇ ನಿಯಮವಾಗಿಸಿಕೊಂಡ ಕ್ಲಬ್ಬುಗಳೂ ಇವೆ. ಕಂಟ್ರಿ ಸಂಗೀತೋದ್ಯಮದ ಕೇಂದ್ರವಾದ ನ್ಯಾಶ್‌ವಿಲ್ಲಿನ ಬ್ಲೂಬರ್ಡ್ ಕೆಫೆ 1982ರಲ್ಲಿ ಆರಂಭವಾಯಿತು. ಅಂಗಡಿಸಾಲಿನ ನಡುವೆ ಇರುವ, ಸುಮಾರು 90 ಆಸನಗಳ ಆ ಕೋಣೆಯಲ್ಲಿ ಗೀತರಚನೆಕಾರರು ನಟ್ಟನಡುವೆ ವೃತ್ತಾಕಾರವಾಗಿ ಕೂತು ಸರದಿಯಂತೆ ಹಾಡುತ್ತಾರೆ. ಮಾತನಾಡಿದವರಿಗೆ ಸುಮ್ಮನಿರುವಂತೆ ಸೂಚನೆ ಬರುತ್ತದೆ. ಅಲ್ಲಿ ಹಾಡುವವರಲ್ಲಿ ಹೆಚ್ಚಿನವರು ಮುಖ್ಯವಾಹಿನಿಯ ಕಂಟ್ರಿಗೆ ಬರೆಯುವವರಾದರೂ ಆ ಪದ್ಧತಿ ಎಲ್ಲೆಡೆಗೂ ಮಾದರಿಯಾಗಿದೆ. ಟಿಕೆಟ್ ಕೊಳ್ಳುವಾಗಲೇ ಆ ಜಾಗ ಕೇಳುಗರ ಕೋಣೆಯೋ ಬಾರೋ ಎಂದು ವಿಚಾರಿಸಿಕೊಂಡರೆ ಅರ್ಧ ಸಿಟ್ಟು ತಪ್ಪುತ್ತದೆ. ಬಾರಿನಲ್ಲಿಯೂ ಒಂಟಿ ಗಾಯನದ ವೇಳೆ ಪಕ್ಕದವರು ಹರಟಿದರೆ ನೀವೇ ಜಗಳಕ್ಕೆ ನಿಲ್ಲದೆ ಸಿಬ್ಬಂದಿಗೆ ತಿಳಿಸಿ. ನಿಮ್ಮ ‘ಶ್’ ಅವರ ಮಾತಿಗಿಂತ ಗಟ್ಟಿಯಾಗಿ ಕೇಳಿಸುವ ಸಂಭವವೇ ಹೆಚ್ಚು.

ಪ್ರಶ್ನೆ: ಆಲ್ಟರ್ನೇಟಿವ್ ಕಂಟ್ರಿ ಎಂದರೆ ಸಾಮಾನ್ಯ ಕಂಟ್ರಿಗಿಂತ ಯಾವ ರೀತಿಯಲ್ಲಿ ಬೇರೆ?

ಉತ್ತರ: ಗಡಿ ಎಳೆಯುವುದು ಕಷ್ಟ, ವಂಶಾವಳಿ ಹೇಳುವುದು ಸುಲಭ. ಇಲಿನಾಯ್ ರಾಜ್ಯದ ಬೆಲ್ವಿಲ್ ಎಂಬ ಊರಿನ ಅಂಕಲ್ ಟುಪೆಲೊ ಬ್ಯಾಂಡ್ ಪಂಕ್ ರಾಕಿನ ಒರಟುತನವನ್ನೂ ಹಳೆಯ ಹಳ್ಳಿಗಾಡಿನ ಹಾಡುಗಳನ್ನೂ ಬೆರೆಸಿ 1990ರಲ್ಲಿ ‘ನೋ ಡಿಪ್ರೆಷನ್’ ಎಂಬ ಆಲ್ಬಮ್ ತಂದಿತು. 1994ರಲ್ಲಿ ಆ ಬ್ಯಾಂಡ್ ಒಡೆದು, ಅದರ ಗಾಯಕರಾದ ಜೇ ಫರಾರ್ ಸನ್ ವೋಲ್ಟ್ ಎಂಬುದನ್ನೂ ಜೆಫ್ ಟ್ವೀಡಿ ವಿಲ್ಕೊ ಎಂಬುದನ್ನೂ ಕಟ್ಟಿದರು. ಮರುವರ್ಷ ಅದೇ ಆಲ್ಬಮಿನ ಹೆಸರಿನಲ್ಲಿ ಈ ಸಂಗೀತಕ್ಕೇ ಮೀಸಲಾದ ಪತ್ರಿಕೆಯೊಂದು ಹುಟ್ಟಿತು. ಇದಕ್ಕೂ ಹಿಂದೆ, 1968 ಮತ್ತು 1969ರಲ್ಲಿಯೇ ಗಾಯಕ ಗ್ರ್ಯಾಮ್ ಪಾರ್ಸನ್ಸ್ ರಾಕ್ ಬ್ಯಾಂಡುಗಳೊಳಗೆ ಕಂಟ್ರಿಯನ್ನು ತಂದಿದ್ದರು. ನ್ಯಾಶ್‌ವಿಲ್ಲಿನ ರೇಡಿಯೊ ಬಯಸುವ ನುಣುಪನ್ನು ಬೇಡವೆಂದದ್ದೇ ಇವರೆಲ್ಲರನ್ನೂ ಒಂದು ಬಳಗವಾಗಿಸುತ್ತದೆ. 2010ರಿಂದ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಅಮೆರಿಕಾನಾ (ಅಮೆರಿಕದ ಜಾನಪದ, ಕಂಟ್ರಿ ಮುಂತಾದ ಬೇರುಗಳಿಂದ ಬೆಳೆದ ಸಂಗೀತ) ಆಲ್ಬಮ್ಮಿಗೆ ಬೇರೆ ವಿಭಾಗವೇ ಇದೆ. ಈ ಬಳಗದ ಅನೇಕರನ್ನು ಈಗ ಆ ಹೆಸರಿನಡಿ ಕಾಣಬಹುದು.

ಪ್ರಶ್ನೆ: ಇಷ್ಟು ಹೆಸರಾದವರು ಇನ್ನೂ ಚಿಕ್ಕ ಕ್ಲಬ್ಬುಗಳಲ್ಲಿ ಏಕೆ ಹಾಡುತ್ತಾರೆ?

ಉತ್ತರ: ಅಭಿಮಾನಿಗಳು ಇದನ್ನು ಆತ್ಮೀಯತೆ ಎಂದುಕೊಳ್ಳುತ್ತಾರೆ, ಲೆಕ್ಕಾಚಾರವೂ ಅಷ್ಟೇ ಮಟ್ಟಿಗೆ ಕಾರಣ. ರೇಡಿಯೊ ಹೆಚ್ಚಾಗಿ ಪ್ರಸಾರ ಮಾಡದ ಸಂಗೀತಕ್ಕೆ ಪ್ರತಿ ಊರಿನಲ್ಲಿಯೂ ನಿಷ್ಠಾವಂತರಾದರೂ ಕೆಲವೇ ಮಂದಿ ಕೇಳುಗರಿರುತ್ತಾರೆ. ನಾಲ್ಕು ಜನರ ಬ್ಯಾಂಡನ್ನು ವ್ಯಾನಿನಲ್ಲಿ ಕರೆದೊಯ್ದು ಊಟ, ವಸತಿ, ಸಂಬಳ ಕೊಡುವುದಕ್ಕಿಂತ ಒಬ್ಬರೇ ಗಿಟಾರ್ ಹೊತ್ತು ಹೋದರೆ ಉಳಿಯುವುದು ಹೆಚ್ಚು. ಕ್ಲಬ್ಬು ಮುಖ್ಯವಾಗಿ ಪಾನೀಯಗಳಿಂದ ಸಂಪಾದಿಸುತ್ತದೆ; ಹಾಡುವವರಿಗೆ ಗೊತ್ತುಪಡಿಸಿದ ಮೊತ್ತವೋ ಟಿಕೆಟ್ ಹಣದಲ್ಲಿ ಪಾಲೋ ಸಲ್ಲುತ್ತದೆ. ಆನ್‌ಲೈನಿನಲ್ಲಿ ಒಂದು ಹಾಡನ್ನು ಒಮ್ಮೆ ಕೇಳಿದರೆ ಕಲಾವಿದರಿಗೆ ಒಂದು ಸೆಂಟ್ ಕೂಡ ಸಿಗುವುದಿಲ್ಲವಾದ್ದರಿಂದ, ಕಾರ್ಯಕ್ರಮದ ನಂತರ ನೀವು ಮೇಜಿನ ಬಳಿ ಕೊಳ್ಳುವ ಒಂದು ಧ್ವನಿಮುದ್ರಿಕೆ ಅವರ ಮುಂದಿನ ಊರಿನ ಪೆಟ್ರೋಲಿಗಾಗುತ್ತದೆ. ಕೆಲವು ಕ್ಲಬ್ಬುಗಳು ಆ ಮಾರಾಟದಲ್ಲಿಯೂ ಪಾಲು ಕೇಳುವುದು ನನಗಂತೂ ಸರಿಕಾಣುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಹಾಡನ್ನು ಚಿತ್ರೀಕರಿಸಬಹುದೇ?

ಉತ್ತರ: ಕ್ಲಬ್ಬಿನ ನಿಯಮವನ್ನೂ ಕಲಾವಿದರ ಇಚ್ಛೆಯನ್ನೂ ಮೊದಲು ಕೇಳಿಕೊಳ್ಳಿ. ಅನುಮತಿಯಿದ್ದರೂ ಕತ್ತಲ ಕೋಣೆಯಲ್ಲಿ ಹೊಳೆಯುವ ಪರದೆ ಹಿಂದಿನವರ ನೋಟವನ್ನೆಲ್ಲ ಸೆಳೆಯುತ್ತದೆ. ಇನ್ನೂ ಪ್ರಕಟವಾಗದ ಹಾಡನ್ನು ಚಿತ್ರೀಕರಿಸಿ ಹಂಚುವುದಂತೂ ಸರಿಯಲ್ಲ.

ಪ್ರಶ್ನೆ: ಪೂರ್ಣ ಬ್ಯಾಂಡಿನ ಕಾರ್ಯಕ್ರಮ ಮುಗಿಸಿ ಬಂದ ಮೇಲೆ ರಾತ್ರಿಯಿಡೀ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಅಷ್ಟು ಚಿಕ್ಕ ಜಾಗದಲ್ಲಿಯೂ ಹೀಗಾಗುವುದುಂಟೇ?

ಉತ್ತರ: ಚಿಕ್ಕ ಜಾಗವಾದ್ದರಿಂದಲೇ ಹೀಗಾಗುತ್ತದೆ; ಗೋಡೆಗಳು ಹತ್ತಿರ, ಡ್ರಮ್ಮು ಇನ್ನೂ ಹತ್ತಿರ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಮಟ್ಟದ ಸದ್ದನ್ನು ದಿನಕ್ಕೆ 8 ಗಂಟೆ ತಾಳಿಕೊಳ್ಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿಕೆಗೆ ಅವಧಿ ಅರ್ಧವಾಗುತ್ತ ಹೋಗಿ 100 ಡೆಸಿಬಲ್ ಮುಟ್ಟಿದಾಗ ಸುಮಾರು 15 ನಿಮಿಷಕ್ಕೆ ಇಳಿಯುತ್ತದೆ. ರಾಕ್ ಬೆರೆತ ಬ್ಯಾಂಡ್ ಚಿಕ್ಕ ಕೋಣೆಯಲ್ಲಿ ಆ ಮಟ್ಟ ಮುಟ್ಟುವುದು ಅಪರೂಪವೇನಲ್ಲ. ಸಂಗೀತಗಾರರು ಬಳಸುವಂಥ ಕಿವಿಬಿರಡೆಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆಯಾದ್ದರಿಂದ ಸಂಗೀತ ಮಂಕಾಗುವುದಿಲ್ಲ. ಮೊದಲ ಹಾಡಿಗೆ ಮುಂಚೆಯೇ ಅವನ್ನು ಹಾಕಿಕೊಳ್ಳಿ. ಗುಂಯ್‌ಗುಡುವುದು ಮಾರನೆಯ ದಿನವೂ ನಿಲ್ಲದಿದ್ದರೆ ಕಿವಿಯ ವೈದ್ಯರನ್ನು ಕಾಣಿರಿ.