ಎರವಲಿನ ಪಟ್ಟಿಯನ್ನು ಬದಿಗಿಟ್ಟು 394ನೇ ವಿಧಿಯಿಂದ ಆರಂಭಿಸಿ

ಸಂವಿಧಾನದ ಯಾವ ಅಂಶ ಯಾವ ದೇಶದಿಂದ ಬಂದಿತು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಕೇ, ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನೂ ಓದಬೇಕೇ ಎಂದು ಕೇಳಿದ್ದೀರಿ. ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದ ವರ್ಷಗಳಲ್ಲಿ ನಾನೂ ಆ ಪಟ್ಟಿಯನ್ನೇ ನಂಬಿಕೊಂಡಿದ್ದೆ. ನಿರ್ದೇಶಕ ತತ್ವಗಳು ಐರ್ಲೆಂಡಿನವು, ಮೂಲಭೂತ ಹಕ್ಕುಗಳು ಅಮೆರಿಕದವು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಸಂದರ್ಶನದಲ್ಲಿ ಹಿರಿಯ ಸದಸ್ಯರೊಬ್ಬರು ಅದರ ಗೊಡವೆಗೇ ಹೋಗದೆ, "ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು, ಮೊದಲ ಲೋಕಸಭೆ ಸೇರಿದ್ದು 1952ರ ಮೇ ತಿಂಗಳಿನಲ್ಲಿ, ನಡುವೆ ಈ ದೇಶಕ್ಕೆ ಸಂಸತ್ತು ಇತ್ತೇ?" ಎಂದು ಕೇಳಿದರು. ಇರಲಿಲ್ಲ, ರಾಷ್ಟ್ರಪತಿಗಳ ಸುಗ್ರೀವಾಜ್ಞೆಗಳ ಮೂಲಕ ಆಡಳಿತ ನಡೆಯಿತು ಎಂದೆ. ಅಂತಿಮ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ.

ಈ ತಪ್ಪು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಕೈಯಲ್ಲಿರುವ ಪ್ರತಿಯೂ ನಿಮ್ಮನ್ನು ಅದೇ ದಾರಿಗೆ ಎಳೆಯುತ್ತದೆ. ಸಂವಿಧಾನದ ಕೊನೆಯ ಪುಟಗಳನ್ನು ತೆರೆದು 394ನೇ ವಿಧಿಯನ್ನು ನೋಡಿ. ಕೆಲವು ವಿಧಿಗಳು ಕೂಡಲೇ, ಅಂದರೆ 1949ರ ನವೆಂಬರ್ 26ರಂದೇ ಜಾರಿಗೆ ಬರತಕ್ಕದ್ದು ಎಂದು ಹೇಳಿ, ಅದು 5ರಿಂದ 9, 60, 324 ಮುಂತಾದವುಗಳ ಜೊತೆಗೆ 379, 380, 388, 391 ಎಂಬ ಸಂಖ್ಯೆಗಳನ್ನೂ ಹೆಸರಿಸುತ್ತದೆ. ಈಗ ಹಿಂದಿನ ಪುಟಕ್ಕೆ ಹೋಗಿ 379ನ್ನು ಹುಡುಕಿದರೆ ಅದು ಸಿಗುವುದಿಲ್ಲ. 379ರಿಂದ 391ರವರೆಗಿನ ವಿಧಿಗಳನ್ನು ಬಿಟ್ಟುಬಿಡಲಾಗಿದೆ ಎಂಬ ಒಂದೇ ಸಾಲು ಇರುತ್ತದೆ. 1956ರ ಏಳನೇ ತಿದ್ದುಪಡಿ ಅವುಗಳನ್ನು ತೆಗೆದುಹಾಕಿತು. ಬಿಟ್ಟದ್ದೆಂದರೆ ಬೇಡದ್ದು ಎಂದುಕೊಂಡು ನಾನು ಪುಟ ತಿರುವಿದೆ. ನನಗೆ ಬೇಕಿದ್ದ ಉತ್ತರ ಬಿಟ್ಟುಹೋದ ಆ ವಿಧಿಗಳಲ್ಲೇ ಇತ್ತು: 379ನೇ ವಿಧಿಯ ಪ್ರಕಾರ ಚುನಾಯಿತ ಸದನಗಳು ರಚನೆಯಾಗುವವರೆಗೆ ಸಂವಿಧಾನ ರಚನಾ ಸಭೆಯೇ ಹಂಗಾಮಿ ಸಂಸತ್ತಾಯಿತು, 380ರ ಪ್ರಕಾರ ಅದೇ ಸಭೆ ರಾಜೇಂದ್ರ ಪ್ರಸಾದರನ್ನು ಮೊದಲ ರಾಷ್ಟ್ರಪತಿಯಾಗಿ ಆರಿಸಿತು. ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ವಿಸ್ತರಿಸಿ ಕೆಲವು ಕಾನೂನುಗಳಿಗೆ ನ್ಯಾಯಾಲಯದ ಪ್ರಶ್ನೆಯಿಂದ ರಕ್ಷಣೆ ಕೊಡುವ ಒಂಬತ್ತನೇ ಅನುಸೂಚಿಯನ್ನು ಸೇರಿಸಿದ 1951ರ ಮೊದಲ ತಿದ್ದುಪಡಿಯನ್ನು ಅಂಗೀಕರಿಸಿದ್ದೂ, ವಯಸ್ಕ ಮತದಾನದಿಂದ ಆಯ್ಕೆಯಾಗದ ಈ ಹಂಗಾಮಿ ಸಂಸತ್ತೇ.

ಆದ್ದರಿಂದ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ಎರವಲಿನ ಪಟ್ಟಿಯನ್ನು ಓದಿದವರಿಗೆ, ದೇಶವೆಲ್ಲ ಕಾದು ಕುಳಿತಿದ್ದಾಗ ಕೆಲವರು ಗ್ರಂಥಾಲಯದಲ್ಲಿ ಸಂವಿಧಾನ ಬರೆದರು ಎಂಬ ಭಾವನೆ ಉಳಿಯುತ್ತದೆ. ವಾಸ್ತವದಲ್ಲಿ ಆಗ ದೇಶವನ್ನು ನಡೆಸುತ್ತಿದ್ದದ್ದು ಮಾರ್ಪಡಿಸಿದ 1935ರ ಭಾರತ ಸರ್ಕಾರ ಕಾಯಿದೆ, ಹೊಸ ಸಂವಿಧಾನದ ಬಹಳಷ್ಟು ಆಡಳಿತಾತ್ಮಕ ವಿವರ ಬಂದದ್ದೂ ಅದರಿಂದಲೇ. ರಾಜೇಂದ್ರ ಪ್ರಸಾದರ ಅಧ್ಯಕ್ಷತೆಯಲ್ಲಿ ಸಂವಿಧಾನವನ್ನು ಚರ್ಚಿಸುತ್ತಿದ್ದ ಸಭೆಯೇ ಮಾವಲಂಕರ್ ಅವರು ಸ್ಪೀಕರ್ ಆಗಿದ್ದಾಗ ಶಾಸನಸಭೆಯಾಗಿ ಕಾನೂನು ಮಾಡುತ್ತಿತ್ತು. ಕರಡು ಸಮಿತಿಯ ಅಧ್ಯಕ್ಷರಾದ ಅಂಬೇಡ್ಕರರು ಸರ್ಕಾರದಲ್ಲಿ ಕಾನೂನು ಮಂತ್ರಿಗಳೂ ಆಗಿದ್ದರು. ನಮ್ಮ ಮೈಸೂರಿನಲ್ಲೂ ಹೀಗೆಯೇ ನಡೆಯಿತು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದ ಮೇಲೆ ಸಂಸ್ಥಾನಕ್ಕೆ ಪ್ರತ್ಯೇಕ ಸಂವಿಧಾನ ರಚನಾ ಸಭೆಯೇ ಇತ್ತು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಭಾರತದ ಸಂವಿಧಾನವನ್ನು ಒಪ್ಪಿ ಘೋಷಣೆ ಹೊರಡಿಸಿದರು, ಮುಂದೆ ರಾಜಪ್ರಮುಖರಾದರು, ಅಂದರೆ ರಾಜ್ಯಪಾಲರಂತೆ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರಾದರು.

ಚರ್ಚೆಗಳನ್ನು ಓದಬೇಕೇ ಎಂದರೆ, ಖಂಡಿತ ಓದಿ, ಆದರೆ ಮೊದಲ ಸಂಪುಟದಿಂದ ಕೊನೆಯವರೆಗೆ ಹೊರಡಬೇಡಿ. 1949ರ ಜೂನ್ 15ರ ಕಲಾಪದಿಂದ ಆರಂಭಿಸಿ. ಕರಡಿನಲ್ಲಿ ರಾಜ್ಯಗಳ ಚುನಾವಣೆಗೆ ಬೇರೆ ಬೇರೆ ಆಯೋಗಗಳಿದ್ದವು. ಅಂದು ಅಂಬೇಡ್ಕರರು ಅದನ್ನು ಕೈಬಿಟ್ಟು ಇಡೀ ದೇಶಕ್ಕೆ ಒಂದೇ ಆಯೋಗ ಇರಬೇಕೆಂಬ ತಿದ್ದುಪಡಿ ಮಂಡಿಸಿದರು. ಕಾರಣ ಯಾವ ವಿದೇಶಿ ಮಾದರಿಯೂ ಅಲ್ಲ. ಸಂವಿಧಾನ ಅಂಗೀಕಾರವಾಗುವ ಮೊದಲೇ, ವಯಸ್ಕ ಮತದಾನದ ಆಧಾರದ ಮೇಲೆ ಮತದಾರರ ಪಟ್ಟಿ ತಯಾರಿಸುವ ಕೆಲಸ ಆರಂಭವಾಗಿತ್ತು, ಭಾಷೆಯಲ್ಲೋ ಸಂಸ್ಕೃತಿಯಲ್ಲೋ ತಮ್ಮವರಲ್ಲದವರ ಹೆಸರುಗಳನ್ನು ಕೆಲವು ಪ್ರಾಂತ್ಯಗಳಲ್ಲಿ ಪಟ್ಟಿಯಿಂದ ಹೊರಗಿಡಲಾಗುತ್ತಿದೆ ಎಂಬ ದೂರುಗಳು ಬಂದಿದ್ದವು. ಆಡಳಿತದಲ್ಲಿ ಎದುರಾದ ಆ ಅನ್ಯಾಯವೇ ಕರಡಿನ 289ನೇ ವಿಧಿಯನ್ನು ಬದಲಿಸಿತು. ಅದೇ ಇಂದಿನ 324ನೇ ವಿಧಿ; ಗಣರಾಜ್ಯಕ್ಕಿಂತ ಎರಡು ತಿಂಗಳು ಮೊದಲೇ ಅದು ಜಾರಿಗೆ ಬಂದದ್ದು ಏಕೆ ಎಂಬುದು ಆ ಕಲಾಪವನ್ನು ಓದಿದರೆ ನಿಮಗೆ ಸ್ಪಷ್ಟವಾಗುತ್ತದೆ.