ಸಂಪಾದಕರ ಉತ್ತರ: ಮಗುವನ್ನು ಕಾಡಿನ ಶಿಶುವಿಹಾರಕ್ಕೆ ಕಳುಹಿಸಬಹುದೇ?

ಜರ್ಮನಿಯ ಫ್ರೈಬುರ್ಗ್ ಸಮೀಪ ನೆಲೆಸಿರುವ ಓದುಗರೊಬ್ಬರ ಪತ್ರ ಬಂದಿದೆ. ಮೂರೂವರೆ ವರ್ಷದ ಮಗಳಿಗೆ ಸೀಟು ಸಿಕ್ಕಿರುವುದು ಕಾಡಿನ ಶಿಶುವಿಹಾರದಲ್ಲಿ. ಅಲ್ಲಿ ಚಳಿಯಿರಲಿ, ಮಳೆಯಿರಲಿ, ಮಕ್ಕಳು ಹೊರಗೇ ಇರುತ್ತಾರೆ. “ಮಗುವನ್ನು ಕಾಡಿಗೆ ಅಟ್ಟುತ್ತೀರಾ?” ಎಂದು ಊರಿನ ಅಜ್ಜಿ ಕಣ್ಣೀರು ಹಾಕಿದ್ದಾರೆ. ಶೀತವಾಗುವುದಿಲ್ಲವೇ, ಅಕ್ಷರ ಕಲಿಯುವುದು ಯಾವಾಗ ಎಂದು ಕೇಳಿದ್ದಾರೆ.

ಕಳುಹಿಸಿ ಎಂಬುದೇ ನನ್ನ ಉತ್ತರ. ಆದರೆ ಅಜ್ಜಿಯ ಆತಂಕವನ್ನು ತಳ್ಳಿಹಾಕಬೇಡಿ, ಅಲ್ಲಿನ ದಿನಚರಿಯನ್ನು ಅವರಿಗೆ ಬಿಡಿಸಿ ಹೇಳಿ. ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. 1950ರ ದಶಕದಲ್ಲಿ ಡೆನ್ಮಾರ್ಕ್‌ನಲ್ಲಿ ಮೊಳೆತ ಪದ್ಧತಿ. 1993ರಲ್ಲಿ ಜರ್ಮನಿಯ ಫ್ಲೆನ್ಸ್‌ಬುರ್ಗ್ ಪಟ್ಟಣದ ಇಂಥ ಶಿಶುವಿಹಾರಕ್ಕೆ ಸರ್ಕಾರಿ ಮಾನ್ಯತೆ ಸಿಕ್ಕಿದ ಮೇಲೆ ಆ ದೇಶದಲ್ಲಿ ಬೇಗ ಹಬ್ಬಿತು. ಇಂದು ಅಲ್ಲಿ ಸಾವಿರಕ್ಕೂ ಹೆಚ್ಚು ಇವೆ.

ಕಾಡು ಎಂದ ಮಾತ್ರಕ್ಕೆ ಮಕ್ಕಳನ್ನು ಮೇಯಲು ಬಿಟ್ಟಂತಲ್ಲ. ಬೆಳಿಗ್ಗೆ ಎಲ್ಲರೂ ಸುತ್ತ ನಿಂತು ಹಾಡುತ್ತಾರೆ, ಯಾರು ಬಂದಿಲ್ಲ ಎಂದು ತಾವೇ ಎಣಿಸುತ್ತಾರೆ. ಕೈಗಾಡಿಯಲ್ಲಿ ನೀರಿನ ಕ್ಯಾನು, ಒಣ ಬಟ್ಟೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಜೊತೆಗೇ ಸಾಗುತ್ತವೆ. ದಾರಿಯಲ್ಲಿ ಗೊತ್ತು ಮಾಡಿದ ಮರವೋ ಬಂಡೆಯೋ ಇರುತ್ತದೆ. ಮುಂದೆ ಓಡಿದ ಮಗು ಕೊನೆಯವರು ಬರುವ ತನಕ ಅಲ್ಲಿ ನಿಲ್ಲಲೇಬೇಕು. ಕೋಲು ಕೆತ್ತಲು ಚಾಕು ಬೇಕೆಂದರೆ ಕುಳಿತೇ ಕೆತ್ತಬೇಕು, ಅಲಗು ಮೈಯಿಂದಾಚೆಗೆ ಸರಿಯಬೇಕು, ತೋಳು ಚಾಚಿದರೆ ಪಕ್ಕದವರಿಗೆ ತಾಗಬಾರದು. ಚಾಕು ಹಿಡಿದು ಓಡಾಡುವಂತಿಲ್ಲ. ನೆಲದ ಹತ್ತಿರ ಬೆಳೆದ ಹಣ್ಣನ್ನು ತೊಳೆಯದೆ ತಿನ್ನುವಂತಿಲ್ಲ, ನರಿಯ ಮಲದಿಂದ ಹರಡುವ ಲಾಡಿಹುಳುವಿನ ಭಯವಿದೆ. ನಿಯಮಗಳು ಕೆಲವೇ, ಸಡಿಲಿಕೆ ಮಾತ್ರ ಇಲ್ಲ. ಯಾವ ಕೊಂಬೆ ತನ್ನ ಭಾರ ತಾಳುತ್ತದೆ ಎಂಬುದನ್ನು ಮಗು ತಾನೇ ತೂಗಿ ನೋಡಲು ಕಲಿಯುವುದು ಈ ಕಟ್ಟಿನೊಳಗೇ.

ಅಕ್ಷರದ ಚಿಂತೆ ಬಿಡಿ. ಜರ್ಮನಿಯಲ್ಲಿ ಕಟ್ಟಡವಿರುವ ಶಿಶುವಿಹಾರಗಳೂ ಓದುಬರಹವನ್ನು ಪಾಠವಾಗಿ ಕಲಿಸುವುದಿಲ್ಲ, ಅದು ಆರನೇ ವಯಸ್ಸಿನ ಆಸುಪಾಸಿನಲ್ಲಿ ಶಾಲೆಯ ಕೆಲಸ. ನಿಮ್ಮ ಮಗಳಿಗೆ ಈಗ ಬೇಕಿರುವುದು ಮಾತು. ಆಟಿಕೆಗಳಿಲ್ಲದ ಕಡೆ ಬಿದ್ದ ಮರವೊಂದು ಹಡಗಾಗಬೇಕಾದರೆ ನಾಲ್ಕು ಮಕ್ಕಳು ಕೂಡಿ ಮಾತಾಡಲೇಬೇಕು. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಜರ್ಮನ್ ಒಗ್ಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಕಾಣುವುದಿಲ್ಲ.

ನೆಗಡಿ ತರುವುದು ವೈರಾಣು, ಮಳೆಯಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಇನ್ನೂ ಸುಲಭವಾಗಿ ಹರಡುತ್ತದೆ. ಉಣ್ಣೆಯ ಒಳಬಟ್ಟೆ, ಮೇಲೆ ನೀರು ಇಳಿಯದ ಪ್ಯಾಂಟು, ಒಂದು ಜೊತೆ ಹೆಚ್ಚುವರಿ ಕೈಗವಸು ಇರಲಿ. ನಾನು ನಿಜಕ್ಕೂ ಹೆದರುವುದು ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿಹುಳುವಿಗೆ. ನಿಮ್ಮ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದ ಬಹುಭಾಗ ಅದು ಹರಡುವ ಮಿದುಳಿನ ಉರಿಯೂತದ ಅಪಾಯ ವಲಯ. ಅದಕ್ಕೆ ಲಸಿಕೆಯಿದೆ, ಮಕ್ಕಳ ವೈದ್ಯರಲ್ಲಿ ಈಗಲೇ ಕೇಳಿ. ಅದೇ ಹುಳು ತರುವ ಲೈಮ್ ಎಂಬ ಬ್ಯಾಕ್ಟೀರಿಯಾ ರೋಗಕ್ಕೆ ಅಲ್ಲಿ ಲಸಿಕೆ ಸಿಗುವುದಿಲ್ಲ. ಹಾಗಾಗಿ ದಿನವೂ ಮಗು ಮನೆಗೆ ಬಂದ ಕೂಡಲೇ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಕೂದಲಂಚು ತಪ್ಪದೆ ನೋಡಿ.

ಇನ್ನೊಂದು ತೊಡಕು ಸಮಯದ್ದು. ಇಂಥ ಹಲವು ಶಿಶುವಿಹಾರಗಳು ಮಧ್ಯಾಹ್ನಕ್ಕೇ ಮುಗಿಯುತ್ತವೆ. ನೀವಿಬ್ಬರೂ ದುಡಿಯುವವರಾದರೆ ಮಗುವನ್ನು ಕರೆತರುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಸೇರಿಸುವ ಮುನ್ನ, ಮಳೆ ಸುರಿಯುವ ದಿನವೇ ಆರಿಸಿಕೊಂಡು ಅಲ್ಲಿಗೆ ಹೋಗಿ. ಬಿರುಗಾಳಿಯ ದಿನ ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ, ಒದ್ದೆಯಾದ ಮಗುವಿನ ಬಟ್ಟೆ ಬದಲಿಸುವವರು ಯಾರು ಎಂದು ಕೇಳಿ. ಎರಡಕ್ಕೂ ತಡವರಿಸದೆ ಉತ್ತರ ಬಂದರೆ ಅರ್ಜಿಗೆ ಸಹಿ ಹಾಕಿ.